ರಿಟಾರ್ಟ್ ವಾಪಸ್ ಪಡೆಯತಕ್ಕದ್ದು

ಮೆಮೊ ಬಂದದ್ದು ಬೆಳಿಗ್ಗೆ ಹತ್ತಕ್ಕೆ, ಅದೂ ಇಂಗ್ಲಿಷಿನಲ್ಲಿ. ಯಾರಿಗೆ ಅಂತೀರಿ? ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ನಿಂತೇ ಸೀಸೆ ತೊಳೆದು, ಒಂದಕ್ಕೂ ಗೀರು ಬೀಳಿಸದ ಅಟೆಂಡರ್ ಸೀಸಣ್ಣನಿಗೆ. ಹೆತ್ತವರು ಇಟ್ಟ ಹೆಸರನ್ನು ಕಾಲೇಜು ಎಂದೋ ಮರೆತಿತ್ತು. ಮುಂದಿನ ವಾರ ಅವನು ಸ್ಟೋರ್ ಕೀಪರ್ ಆಗುವುದಿತ್ತು. ಆ ಕೆಲಸಕ್ಕೆ ಒಂದು ಕುರ್ಚಿ ಇದೆ. ಮಂಡಿ ಸವೆದವನಿಗೆ ಕುರ್ಚಿ ಅಂದರೆ ಏನು ಅಂತ ಕೂತು ಸಂಬಳ ಎಣಿಸುವವರಿಗೆ ಹೇಗೆ ಗೊತ್ತಾಗಬೇಕು?

ಸೀಸಣ್ಣನಿಗೆ ಬರುವ ಇಂಗ್ಲಿಷೆಲ್ಲ ಬೀರುವಿನ ಚೀಟಿಗಳ ಮೇಲಿನದು. ಮೆಮೊದಲ್ಲಿ ಅವನ ಕೈಗೆ ಸಿಕ್ಕಿದ್ದು ಒಂದೇ ಪದ, ರಿಟಾರ್ಟ್. ಉಳಿದದ್ದನ್ನು ಟೈಪಿಸ್ಟ್ ಓದಿ ಹೇಳಿದಳು: ನಿನ್ನೆ ಸ್ಟಾಫ್ ರೂಮಿನಲ್ಲಿ ನಿನ್ನ ರಿಟಾರ್ಟಿನಿಂದ ಪ್ರಿನ್ಸಿಪಾಲರಿಗೆ ಅವಮಾನವಾಗಿದೆ, ನಾಲ್ಕು ಗಂಟೆಯೊಳಗೆ ಅದನ್ನು ವಾಪಸ್ ಪಡೆಯದಿದ್ದರೆ ಸ್ಟೋರ್ ಕೀಪರ್ ಕೆಲಸದ ಆಸೆ ಬಿಡು.

ಇಂಗ್ಲಿಷಿನಲ್ಲಿ ರಿಟಾರ್ಟ್ ಅಂದರೆ ಎದುರುತ್ತರ, ತಿರುಗೇಟು. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಪಾಲಿಗೆ ರಿಟಾರ್ಟ್ ಅಂದರೆ ಬೀರುವಿನ ಮೇಲಿನ ಖಾನೆಯಲ್ಲಿ ಕೂತಿರುವ, ಹೊಟ್ಟೆ ದಪ್ಪಗಿದ್ದು ಕತ್ತು ಕೊಕ್ಕರೆಯ ಹಾಗೆ ಬಾಗಿದ ಗಾಜಿನ ಪಾತ್ರೆ. ಅದನ್ನು ಅವನು ಸ್ಟಾಫ್ ರೂಮಿಗೆ ಒಯ್ದೇ ಇರಲಿಲ್ಲ. ಈ ಸುಳ್ಳು ಆರೋಪಕ್ಕೆ ಅವನ ಮೈಯೆಲ್ಲ ಉರಿದುಹೋಯಿತು.

ನಿನ್ನೆ ನಡೆದದ್ದಾದರೂ ಏನು? ಇಷ್ಟು ವರ್ಷ ಸೀಸೆ ತೊಳೆದು ಏನು ಕಲಿತೆ ಅಂತ ಪ್ರಿನ್ಸಿಪಾಲರು ಎಲ್ಲರೆದುರು ಹಂಗಿಸಿದ್ದರು. ತುಂಬಿದ್ದು ಸುಮ್ಮನಿರುತ್ತೆ ಸಾರ್, ಖಾಲಿದೇ ಗಲಗಲ ಅನ್ನುತ್ತೆ ಅಂತ ಇವನು ಕಂಡದ್ದನ್ನು ಕಂಡ ಹಾಗೆ ಹೇಳಿದ್ದ. ಎಲ್ಲರೂ ನಕ್ಕರು, ಇವನೂ ನಕ್ಕ. ಅದು ಅಲ್ಲಿಗೇ ಮರೆತೂ ಹೋಗಿತ್ತು.

ಸೀಸಣ್ಣ ಟೈಪಿಸ್ಟ್ ಮುಂದೆ ನಿಂತು ಉತ್ತರ ಹೇಳಿ ಬರೆಸಿದ. "ನನ್ನ ರಿಟಾರ್ಟಿನಲ್ಲಿ ಯಾವ ದೋಷವೂ ಇಲ್ಲ. ತಾವು ಈ ಕಾಲೇಜಿಗೆ ಬರುವ ಮೊದಲೇ ಅದು ಇತ್ತು. ಅದಕ್ಕಿಂತ ದೊಡ್ಡವು ಇನ್ನೂ ಮೂರಿವೆ. ತಾವು ಹೂಂ ಅಂದರೆ ಎಲ್ಲರ ಮುಂದೆ ತೆಗೆಯುತ್ತೇನೆ."

ಟೈಪಿಸ್ಟಳ ಬೆರಳು ನಿಂತುಬಿಟ್ಟವು. "ಅಣ್ಣಾ, ಯೋಚನೆ ಮಾಡಿ ಹೇಳ್ತಿದ್ದೀರಾ?"

"ನಿಜ ಹೇಳೋಕೆ ಯೋಚನೆ ಯಾಕಮ್ಮ?"

ಕಾಗದ ಒಳಗೆ ಹೋಯಿತು, ಸುದ್ದಿ ಹೊರಗೆ ಬಂತು. ಊಟದ ಹೊತ್ತಿಗೆ ಲೆಕ್ಕದ ಮೇಷ್ಟ್ರು ಬಂದು ಕೈ ಕುಲುಕಿದರು. ಒಂದು ಹೆಜ್ಜೆಯೂ ಹಿಂದೆ ಇಡಬೇಡ, ನಾವೆಲ್ಲ ಇದ್ದೇವೆ ಅಂತ ಲೈಬ್ರರಿಯವರು ಪಿಸುಗುಟ್ಟಿ, ಯಾರೂ ನೋಡಲಿಲ್ಲವಷ್ಟೆ ಅಂತ ಆಚೀಚೆ ನೋಡಿಕೊಂಡು ಹೋದರು. ಆಹಾ, ಏನು ಬೆಂಬಲ. ಪಕ್ಕದಲ್ಲೇ ನಿಘಂಟು ಇಟ್ಟುಕೊಂಡ ಪುಣ್ಯಾತ್ಮ ಒಂದು ಪದದ ಅರ್ಥ ಹೇಳಲಿಲ್ಲ.

ಮೂರೂವರೆಗೆ ಕರೆ ಬಂತು. ಸೀಸಣ್ಣ ಪಾತ್ರೆಯನ್ನು ಎದೆಗವಚಿಕೊಂಡು ಒಳಗೆ ಹೋದ. ಪ್ರಿನ್ಸಿಪಾಲರ ಮುಖ ಕೆಂಡವಾಗಿತ್ತು. ರಿಟಾರ್ಟ್ ವಾಪಸ್ ತಗೋತೀಯೋ ಇಲ್ವೋ ಅಂತ ಗುಡುಗಿದರು.

"ಮೊದಲು ನೋಡಿ ಸಾರ್, ಆಮೇಲೆ ತಗೊಂಡು ಹೋಗ್ತೀನಿ," ಅಂತ ಅದನ್ನು ಮೇಜಿನ ಮೇಲಿಟ್ಟ. "ಒಂದು ಗೀರಿದ್ರೆ ನನ್ನ ಕೇಳಿ."

ಪ್ರಿನ್ಸಿಪಾಲರು ಪಾತ್ರೆ ನೋಡಿದರು, ಕಾಗದ ನೋಡಿದರು, ಮತ್ತೆ ಪಾತ್ರೆ ನೋಡಿದರು. ಆಮೇಲೆ ಶುರುವಾದ ನಗು ಕಣ್ಣಲ್ಲಿ ನೀರು ಬರುವವರೆಗೂ ನಿಲ್ಲಲಿಲ್ಲ. ಪದದ ಅರ್ಥ ಬಿಡಿಸಿ ಹೇಳಿದರು, ಮೆಮೊ ಹರಿದು ಹಾಕಿದರು, ಸೋಮವಾರದಿಂದ ಕುರ್ಚಿ ನಿನ್ನದೇ ಹೋಗು ಅಂದರು. ಸೀಸಣ್ಣನಿಗೆ ಹೋದ ಜೀವ ಬಂತು. ಅಷ್ಟಕ್ಕೇ ಹೊರಟಿದ್ದರೆ ಆಗುತ್ತಿತ್ತು.

"ಇಷ್ಟು ವರ್ಷ ಆಯ್ತು, ಒಂದು ಪದದ ಅರ್ಥ ಗೊತ್ತಿಲ್ವಲ್ಲಯ್ಯ ನಿನಗೆ," ಅಂದರು ಪ್ರಿನ್ಸಿಪಾಲರು ಕಣ್ಣೊರೆಸಿಕೊಳ್ಳುತ್ತ.

"ಹೌದು ಸಾರ್, ಒಂದರ್ಥ ನಂಗೆ ಗೊತ್ತಿರ್ಲಿಲ್ಲ, ಇನ್ನೊಂದು ನಿಮಗೆ ನೆನಪಾಗ್ಲಿಲ್ಲ," ಅಂದ ಸೀಸಣ್ಣ, ಸಮಾಧಾನ ಮಾಡುವ ಹಾಗೆ. "ಆದ್ರೆ ಕೆಮಿಸ್ಟ್ರಿಲಿ ಡಾಕ್ಟರೇಟ್ ಮಾಡಿದ್ದು ನೀವಲ್ವಾ?"

ಬಾಗಿಲಾಚೆ ಟೈಪಿಸ್ಟ್ ಕಿಸಕ್ಕನೆ ನಕ್ಕಳು. ಪ್ರಿನ್ಸಿಪಾಲರು ನಗಲಿಲ್ಲ.

ಐದಕ್ಕೆ ಎರಡನೇ ಮೆಮೊ ಬಂತು. ಈ ಸಲ ಇಂಗ್ಲಿಷಿನ ಗೊಡವೆಯೇ ಇರಲಿಲ್ಲ, ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಒಂದೇ ಸಾಲು: "ಅಧಿಕಪ್ರಸಂಗಿಗೆ ಕುರ್ಚಿ ಇಲ್ಲ." ಓದಿ ಹೇಳಲು ಯಾರೂ ಬೇಕಾಗಲಿಲ್ಲ. ಸೀಸಣ್ಣ ತಾನೇ ಓದಿಕೊಂಡ, ನಿಂತುಕೊಂಡೇ.