ಕೊಲ್ಲಿಗೆ ಬಿದ್ದ ತಟ್ಟೆ

ಗಂಟು ಸರಿಯಾಗಿ ಬಿದ್ದಿರಲಿಲ್ಲ, ಅಷ್ಟೇ. ಕೊಲ್ಲಿಯ ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯಲು ಹಗ್ಗಕ್ಕೆ ಕಟ್ಟಿ ಇಳಿಬಿಡುವ ಕಪ್ಪು-ಬಿಳುಪು ತಟ್ಟೆ ದೋಣಿ ಕಟ್ಟುವ ದಕ್ಕೆಯ ಅಂಚಿನಲ್ಲಿ ಗುಳುಂ ಎಂದು ಮುಳುಗಿತು. ಅದನ್ನು ಇಳಿಬಿಡುವ ಕೆಲಸದ ತಟ್ಟೆಯಣ್ಣ, ಎಮ್ಮೆ ಓಡಿಹೋದ ಮೇಲೆ ಬರೀ ಹಗ್ಗ ಹಿಡಿದವನ ಹಾಗೆ ನಿಂತ. ಒಂಬತ್ತು ವರ್ಷದಿಂದ ಹಂಗಾಮಿ ನೌಕರ ಅವನು. ಅವತ್ತು ಹನ್ನೊಂದಕ್ಕೆ ಇಲಾಖೆಯ ಸಾಹೇಬರೇ ಬಂದು ಕೆಲಸ ನೋಡಿ ಕಾಯಂ ಮಾಡುವ ಮಾತಿತ್ತು.

ಚಹದಂಗಡಿಯವನು ಬಂದು ಬಗ್ಗಿ ನೋಡಿದ. "ಏನ್ ಬಿತ್ತಣ್ಣ?"

"ತಟ್ಟೆ."

"ಬೆಳ್ಳೀದಾ?"

"ಸರ್ಕಾರದ್ದಪ್ಪ."

"ಹಾಗಾದ್ರೆ ಬೆಳ್ಳೀದೇ. ಇಲ್ದಿದ್ರೆ ನಿನ್ನ ಮುಖ ಯಾಕೆ ಹೀಗಾಗುತ್ತೆ?"

ಸುದ್ದಿ ಕ್ಷೌರದಂಗಡಿ ಮುಟ್ಟುವಷ್ಟರಲ್ಲಿ ಒಂದು ತಟ್ಟೆ ಆರಾಗಿತ್ತು. ಬಲೆ ಹೆಣೆಯುವ ಹೆಂಗಸರ ಹತ್ತಿರ ಬಂದಾಗ ಲೋಟಗಳೂ ಸೇರಿಕೊಂಡಿದ್ದವು. ಅರ್ಧ ಗಂಟೆಯಲ್ಲಿ ಇಪ್ಪತ್ತು ಜನ ನೀರಿಗಿಳಿದರು.

"ಇಳೀಬೇಡ್ರಪ್ಪಾ, ನೀರು ಕದಡುತ್ತೆ," ಎಂದು ತಟ್ಟೆಯಣ್ಣ ಅಂಗಲಾಚಿದ.

"ನಿಂದೇ ಹುಡುಕ್ತಿರೋದು, ಸುಮ್ನಿರು," ಎಂದು ಅವರೇ ಗದರಿದರು.

ಅಷ್ಟರಲ್ಲಿ ಹೆಂಡತಿ ಕಳಿಸಿದ ಅವಳ ತಮ್ಮ ಓಡಿ ಬಂದ. "ಭಾವ, ನೀವು ಕೂತ್ಕೊಳ್ಳಿ. ನಾನಿದ್ದೀನಲ್ಲ." ಈ ಮಾತು ಕೇಳಿದಾಗಲೆಲ್ಲ ತಟ್ಟೆಯಣ್ಣ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಭಾವಮೈದುನ ಧುಮುಕಿದ ರಭಸಕ್ಕೆ ಉಳಿದಿದ್ದ ಕೆಸರೂ ಎದ್ದು ಬಂತು.

ಸಾಹೇಬರು ಹೇಳಿದ ಹೊತ್ತಿಗೇ ಬಂದರು. "ಇವತ್ತಿನ ಅಳತೆ ಎಷ್ಟು?"

"ಬೆಳಿಗ್ಗೆ ಮೂರು ಮೀಟರ್ ಇತ್ತು ಸಾರ್."

ಸಾಹೇಬರು ಮೆಟ್ಟಿಲಿಳಿದು ನೀರಿಗೆ ಕೈ ಅದ್ದಿದರು. ಅವರ ಬೆರಳು ಅವರಿಗೇ ಕಾಣಲಿಲ್ಲ.

ಆಗ ಭಾವಮೈದುನ ಮೇಲೆದ್ದ. "ತಟ್ಟೆ ಸಿಗ್ಲಿಲ್ಲ ಭಾವ. ಆದ್ರೆ ಇವು ರಾಶಿಗಟ್ಟಲೆ ಬಿದ್ದಿವೆ."

ಅವನ ತೋಳ ತುಂಬ ಗಾಜಿನ ಬಾಟಲಿಗಳು. ಪರೀಕ್ಷೆಗೆಂದು ತಟ್ಟೆಯಣ್ಣ ವಾರವಾರ ತುಂಬಿ, ದಕ್ಕೆಗೆ ತಾಗಿಕೊಂಡೇ ಇದ್ದ ಪ್ರಯೋಗಾಲಯಕ್ಕೆ ಕೊಟ್ಟ ನೀರು. ಮೇಲಿನದರ ಚೀಟಿಯ ತಾರೀಖು ಕಳೆದ ವಾರದ್ದು. ಪ್ರಯೋಗಾಲಯದ ಹಿಂದಿನ ಕಿಟಕಿ ಸರಿಯಾಗಿ ಅವರ ತಲೆಯ ಮೇಲೇ ತೆರೆದುಕೊಂಡಿತ್ತು.

ತಟ್ಟೆಯಣ್ಣನಿಗೆ ಹೋದ ಜೀವ ಬಂದಂತಾಯಿತು. "ಸೀಲೇ ಒಡೆದಿಲ್ಲ ನೋಡಿ ಸಾರ್. ಅಲ್ಲಿ ಯಾರೂ ಪರೀಕ್ಷೆನೇ ಮಾಡಿಲ್ಲ. ಕಿಟಕಿಯಿಂದ ಎಸೆದು, ವರದೀಲಿ 'ತೃಪ್ತಿಕರ' ಅಂತ ಬರೆದಿದ್ದಾರೆ."

ಸಾಹೇಬರು ಕಿಟಕಿ ನೋಡಿದರು. ಆ ವರದಿಗಳಿಗೆಲ್ಲ ಸಹಿ ಹಾಕಿದ ತಮ್ಮ ಕೈಯನ್ನೂ ನೋಡಿಕೊಂಡರು. ಆಮೇಲೆ ಒಂದು ಬಾಟಲಿ ಎತ್ತಿ ಚೀಟಿ ಓದಿದರು.

"ಇದರ ಮೇಲಿರೋ ಹೆಸರು ಯಾರದ್ದು?"

"ನಂದೇ ಸಾರ್. ಎಲ್ಲಾದ್ರ ಮೇಲೂ ನಂದೇ."

"ಕೊಲ್ಲೀಗೆ ಕಸ ಎಸೆಯೋನನ್ನ ಹಿಡೀರಿ ಅಂತ ಎರಡು ವರ್ಷದಿಂದ ಮೇಲಿನವರು ಜೀವ ತಿಂತಿದ್ರು." ಸಾಹೇಬರು ನೆಮ್ಮದಿಯ ಉಸಿರುಬಿಟ್ಟು ಪೆನ್ನು ತೆಗೆದರು. "ಹೆಸರು ಸಿಕ್ತು. ವಿಳಾಸ ಹೇಳು."