ಬಲೋನಿ ಹಬ್ಬದ ತೀರ್ಪುಗಾರ

ನನ್ನ ನಾಲಿಗೆ ಸೇವೆಯಿಂದ ನಿವೃತ್ತಿಯಾದ ಕಥೆ ಇದು. ನಿವೃತ್ತಿ ಕೊಡಿಸಿದವಳು ನನ್ನ ಹೆಂಡತಿ ಡೋರೀನ್. ಸಾಕ್ಷಿಯಾದವರು ಒಹಾಯೋದ ಎಲ್ಮ್‌ಬ್ರೂಕ್ ಎಂಬ ನಮ್ಮೂರಿನ ಲೂಥರನ್ ಚರ್ಚಿನ ಸಮಸ್ತ ಭಕ್ತಾದಿಗಳು, ಅಂದರೆ ನಲವತ್ತಮೂರು ಜನ. (ನಲವತ್ತನಾಲ್ಕನೆಯವನಿಗೆ ಅಂದು ಮಂಡಿನೋವು. ಪುಣ್ಯವಂತ.)

ವೃತ್ತಿಯಿಂದ ನಾನು ಮನೆಮನೆಯ ಹೀಟರ್ ರಿಪೇರಿ ಮಾಡುವವನು. ಆದರೆ ಅದು ಹೊಟ್ಟೆಪಾಡು. ನಿಜವಾದ ನಾನು ಚರ್ಚಿನ ಭೋಜನ ಸಮಿತಿಯ ಅಧ್ಯಕ್ಷ. ಸಮಿತಿಯಲ್ಲಿ ನಾವು ಮೂವರು: ಅಧ್ಯಕ್ಷನಾದ ನಾನು, ಅಡುಗೆ ಮಾಡುವ ಡೋರೀನ್, ಮತ್ತು ಎಪ್ಪತ್ತೆಂಟು ವರ್ಷದ ಮಿಸೆಸ್ ಕ್ಲೈನ್. ಇವರು ಬಾಲ್ಯದಲ್ಲಿ ನನಗೆ ಭಾನುವಾರದ ಬೈಬಲ್ ಪಾಠ ಹೇಳಿಕೊಟ್ಟವರು. ಆ ಪಾಠ ಇನ್ನೂ ಮುಗಿದಿಲ್ಲವೆಂದೇ ಅವರ ನಂಬಿಕೆ.

ಬೀಜದ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ನೇತಾಡುತ್ತಿತ್ತು. ಅದರಲ್ಲಿ ದಿನಕ್ಕೊಂದು ತಿನಿಸಿನ ಹಬ್ಬ. ಅಕ್ಟೋಬರ್ ಮೂವತ್ತು, ಕ್ಯಾಂಡಿ ಕಾರ್ನ್ ದಿನ! ಜೋಳದ ಕಾಳಿನಂತಿರುವ ಆ ಮೂರು ಬಣ್ಣದ ಮಿಠಾಯಿಯ ಪರಮಭಕ್ತ ನಾನು. ಮೊದಲು ಬಿಳಿ ತುದಿ, ಆಮೇಲೆ ಕಿತ್ತಳೆ ನಡು, ಕೊನೆಗೆ ಹಳದಿ ಬುಡ ಎಂದು ಒಂದೊಂದು ಕಾಳನ್ನೂ ಮೂರು ಕಂತಿನಲ್ಲಿ ಕಡಿಯುತ್ತೇನೆ. ಮೂರಕ್ಕೂ ಬೇರೆ ಬೇರೆ ರುಚಿಯಿದೆ. (ಜಗತ್ತಿನಲ್ಲಿ ಇದು ಗೊತ್ತಿರುವುದು ನನಗೊಬ್ಬನಿಗೇ.) ಈ ಹಬ್ಬವನ್ನು ಚರ್ಚಿನಲ್ಲೇ ಆಚರಿಸಿದರೆ ಹೇಗೆ ಎಂದು ಸಮಿತಿಯ ಮುಂದಿಟ್ಟೆ.

ಮಿಸೆಸ್ ಕ್ಲೈನ್ ಕನ್ನಡಕ ಏರಿಸಿ ಕ್ಯಾಲೆಂಡರ್ ನೋಡಿದರು. "ಇಪ್ಪತ್ತನಾಲ್ಕಕ್ಕೆ ಬಲೋನಿ ದಿನ ಅಂತಿದೆ. ನಾನು ಸಾಯೋದ್ರೊಳಗೆ ಅದನ್ನೊಂದು ಸಲ ಮಾಡಿಬಿಡೋಣ."

ಬಲೋನಿ! ಮಾಂಸವನ್ನು ಹೆಸರು ಮರೆಯುವಷ್ಟು ನುಣ್ಣಗೆ ಅರೆದು, ಬೇಯಿಸಿ, ಗುಲಾಬಿ ಬಿಲ್ಲೆಗಳಾಗಿ ಕತ್ತರಿಸಿದ ಪದಾರ್ಥ. ಒಂಬತ್ತು ವರ್ಷ, ಶಾಲೆಯಿದ್ದ ಪ್ರತಿದಿನ, ಅಮ್ಮ ನನ್ನ ಡಬ್ಬಿಗೆ ತುಂಬಿದ್ದು ಅದನ್ನೇ. ಹದಿನಾಲ್ಕನೆಯ ವಯಸ್ಸಿನಲ್ಲಿ ನಾನು ಕೈಗೊಂಡ ಭೀಷ್ಮಪ್ರತಿಜ್ಞೆ: ಇನ್ನು ಈ ಜನ್ಮದಲ್ಲಿ ಬಲೋನಿ ಮುಟ್ಟಲಾರೆ.

"ಅದೂ ಒಂದು ಊಟಾನಾ ಮಿಸೆಸ್ ಕ್ಲೈನ್?" ಎಂದೆ. "ಹತ್ತು ಮಾರು ದೂರದಲ್ಲಿದ್ರೂ ನನ್ನ ನಾಲಿಗೆಗೆ ಗೊತ್ತಾಗಿಬಿಡುತ್ತೆ."

"ನಿನ್ನ ನಾಲಿಗೆ ಹತ್ತು ಮಾರು ಉದ್ದ ಅಂತ ನೀನು ಆರು ವರ್ಷದವನಿದ್ದಾಗಲೇ ನೋಡಿದೀನಿ, ಮಗೂ."

ಅಧ್ಯಕ್ಷಪದವಿಗೆ ಪೆಟ್ಟು ಬಿತ್ತು. ಕೂಡಲೇ ಮೇಲೆದ್ದು ಐತಿಹಾಸಿಕ ಘೋಷಣೆ ಮಾಡಿದೆ. ಎರಡೂ ಹಬ್ಬಕ್ಕೆ ನಡುವಿನ ಭಾನುವಾರ ಒಂದೇ ಊಟ. ಊಟಕ್ಕೆ ಮೊದಲು ಪರೀಕ್ಷೆ. ಕಣ್ಣಿಗೆ ಬಟ್ಟೆ ಕಟ್ಟಿ ನನ್ನ ಮುಂದೆ ನಾಲ್ಕು ತಟ್ಟೆ ಇಡಬೇಕು, ಮೂರು ಚರ್ಚಿನ ಬೇರೆ ಹೆಂಗಸರ ಬಲೋನಿ ಸಲಾಡು, ಒಂದು ನನ್ನ ಡೋರೀನಳ ಹ್ಯಾಮ್ ಸಲಾಡು. ಹಂಸವು ಹಾಲನ್ನೂ ನೀರನ್ನೂ ಬೇರ್ಪಡಿಸುವಂತೆ ನಾನು ಬೇರ್ಪಡಿಸಿ ತೋರಿಸುತ್ತೇನೆ!

ಡೋರೀನಳ ಕೈಯಿಂದ ಪೆನ್ನು ಬಿತ್ತು. "ಬೇಡ ಲೋವೆಲ್," ಎಂದಳು.

ವಿನಯ ಎಂದುಕೊಂಡೆ. ಯಾಕೆಂದರೆ ಡೋರೀನಳ ಹ್ಯಾಮ್ ಸಲಾಡ್ ಎಂದರೆ ಸಾಮಾನ್ಯವಲ್ಲ. ಹಂದಿಯ ತೊಡೆಮಾಂಸ ಅರೆದು, ಸಿಹಿ ಉಪ್ಪಿನಕಾಯಿ ಕಲಸಿ, ಮೆತ್ತನೆ ಬನ್ನಿನಲ್ಲಿಟ್ಟು ಕೊಡುತ್ತಾಳೆ. ನಮ್ಮೂರಲ್ಲಿ ಸತ್ತವರಿಗೆ ಸ್ವರ್ಗ ಸಿಗುತ್ತದೋ ಇಲ್ಲವೋ, ಮಣ್ಣು ಮಾಡಿ ಬಂದವರಿಗಂತೂ ಡೋರೀನಳ ಹ್ಯಾಮ್ ಸಲಾಡ್ ಸಿಗುತ್ತದೆ. ಪರೀಕ್ಷೆಯ ಸುದ್ದಿಯನ್ನು ಚರ್ಚಿನ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಹಾಕಿಸಿಯೇಬಿಟ್ಟೆ.

ಶನಿವಾರ ಮಧ್ಯಾಹ್ನ ಅಂಗಳದ ಎಲೆ ಗುಡಿಸಲು ಕೈಗವಸು ಹುಡುಕುತ್ತ ಅಡುಗೆಮನೆಗೆ ನುಗ್ಗಿದೆ. ಡೋರೀನ್ ಮೇಜಿನಂಚಿಗೆ ಬಿಗಿದ ಮಾಂಸದ ಗಿರಣಿಯ ಹಿಡಿ ತಿರುಗಿಸುತ್ತಿದ್ದಳು. ಬಾಯಲ್ಲಿ ಏನೋ ಗುಲಾಬಿ ಬಣ್ಣದ್ದು ಇಳಿಯುತ್ತಿತ್ತು. (ಗಿರಣಿಯ ಬಾಯಲ್ಲಿ.)

"ಅದೇನು?"

"ಬಲೋನಿ."

"ಯಾರಿಗೆ?"

"ನಿನಗೇ. ಇಪ್ಪತ್ತೇಳು ವರ್ಷದಿಂದ."

ನಾನು ಕುರ್ಚಿ ಹುಡುಕಿಕೊಂಡು ಕುಳಿತೆ. ಡೋರೀನ್ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು. "ಅಮ್ಮ ಹೀಗೇ ಮಾಡ್ತಿದ್ದಳು. ಸಾಯೋವಾಗ ಕೈ ಹಿಡಿದು, ಯಾರಿಗೂ ಹೇಳಬೇಡ ಅಂದಳು. ಪಾದ್ರಿಯವರ ತಾಯಿ ಮಣ್ಣಿನ ದಿನಾನೂ ಇದನ್ನೇ ಹ್ಯಾಮ್ ಅಂತ ಬಡಿಸಿದೀನಿ. ನಾಳೆ ಗೊತ್ತಾದ್ರೆ ಯಾವ ಮುಖ ಇಟ್ಕೊಂಡು ಆ ಚರ್ಚಿನ ಮೆಟ್ಟಿಲು ಹತ್ತಲಿ? ಬೇಡ ಅಂದೆ, ಕೇಳಿದ್ಯಾ ನೀನು?"

ನನ್ನೊಳಗಿನ ವೀರ ಎದ್ದು ನಿಂತ. "ಹೆದರಬೇಡ. ನಿನ್ನ ತಟ್ಟೆ ಬಂದ ಕೂಡಲೆ 'ಅಪ್ಪಟ ಹ್ಯಾಮ್' ಅಂತ ಕೂಗ್ತೀನಿ."

"ಕಣ್ಣು ಕಟ್ಟಿರ್ತಾರಲ್ಲ, ನನ್ನದು ಅಂತ ಹೇಗೆ ಗೊತ್ತಾಗುತ್ತೆ?"

"ಇಪ್ಪತ್ತೇಳು ವರ್ಷ ತಿಂದಿದೀನಿ ಕಣೆ!"

"ಇಪ್ಪತ್ತೇಳು ವರ್ಷ ತಿಂದವನಿಗೆ ಅದು ಏನೂಂತಲೇ ಗೊತ್ತಾಗಲಿಲ್ಲವಲ್ಲ," ಎಂದಳು ಡೋರೀನ್. ನಾನು ಕೈಗವಸನ್ನೂ ಮರೆತು ಎಲೆ ಗುಡಿಸಲು ಹೋದೆ.

ಭಾನುವಾರ ಮುಂಜಾನೆಯೇ ಹೋಗಿ ಚರ್ಚಿನ ನೆಲಮಾಳಿಗೆಯಲ್ಲಿ ಕುರ್ಚಿ ಹಾಕಿದೆ. ಪ್ರಾರ್ಥನೆ ಮುಗಿಯಿತು. ಮಿಸೆಸ್ ಕ್ಲೈನ್ ಪಾತ್ರೆ ಒರೆಸುವ ಬಟ್ಟೆಯಿಂದ ನನ್ನ ಕಣ್ಣು ಕಟ್ಟಿದರು. (ಕಟ್ಟಿದ ಬಿಗಿಯಲ್ಲಿ ಆರು ವರ್ಷದವನ ಮೇಲಿನ ಹಳೆಯ ಸಿಟ್ಟಿತ್ತು.)

ಮೊದಲ ತುತ್ತು. "ಬಲೋನಿ!" ಚಪ್ಪಾಳೆ. ಎರಡನೆಯದು. "ಬಲೋನಿ!" ಮತ್ತೆ ಚಪ್ಪಾಳೆ. ಮೂರನೆಯದು ನಾಲಿಗೆಯ ಮೇಲೆ ಬಿದ್ದದ್ದೇ ಮೈ ಜುಮ್ಮೆಂದಿತು. ಅದೇ ಮೆದು, ಅದೇ ಸಿಹಿ, ನನ್ನ ದಾಂಪತ್ಯದ ರುಚಿ! "ಅಪ್ಪಟ ಹ್ಯಾಮ್!" ಎಂದು ಕೂಗಿದೆ. "ನನ್ನ ಹೆಂಡತಿಯ ಕೈ!"

ಚಪ್ಪಾಳೆ ಬರಲಿಲ್ಲ. ಗೆದ್ದ ಉತ್ಸಾಹದಲ್ಲಿ ನಾನು ಅದನ್ನು ಲೆಕ್ಕಿಸಲಿಲ್ಲ. ನಾಲ್ಕನೆಯದನ್ನು ಬಾಯಿಗಿಟ್ಟೆ. ನಾರು ನಾರು, ಬರೀ ಉಪ್ಪು. "ಥೂ! ಬಲೋನಿಗಳಲ್ಲೇ ಕೀಳು ಬಲೋನಿ. ಇದನ್ನ ಮಾಡಿದವರನ್ನ ಅಡುಗೆಮನೆಗೇ ಬಿಡಬಾರದು!"

ಕಣ್ಣಿನ ಬಟ್ಟೆ ಬಿಚ್ಚಿದರು. ನಾಲ್ಕನೆಯದು ನೀಲಿ ಅಂಚಿನ ತಟ್ಟೆ. ನಮ್ಮ ಮನೆಯದು. ಅದರ ಹಿಂದೆ ಡೋರೀನ್.

"ಅದು ಹ್ಯಾಮ್ ಕಣೋ ಪುಣ್ಯಾತ್ಮ," ಎಂದಳು ಹಲ್ಲು ಕಚ್ಚಿ. "ನಿನ್ನ ನಾಲಿಗೆ ನಂಬೋಕಾಗದೆ ಬೆಳಿಗ್ಗೆ ಅಂಗಡಿಗೆ ಓಡಿ, ನಿಜವಾದ ಹ್ಯಾಮೇ ಅರೆದು ತಂದೆ."

ಪಾದ್ರಿಯವರು ಒಂದು ಚಮಚ ರುಚಿ ನೋಡಿ ಹುಬ್ಬು ಗಂಟಿಕ್ಕಿದರು. "ಡೋರೀನ್, ಅಮ್ಮನ ಮಣ್ಣಿನ ದಿನ ತಿಂದದ್ದು ಹೀಗಿರಲಿಲ್ಲವಲ್ಲ?"

ಡೋರೀನ್ ಬಿಳಿಚಿಕೊಂಡಳು. ನನ್ನತ್ತ ನೋಡಿದಳು, ನಾನು ಬಿಚ್ಚಿದ ಬಟ್ಟೆಯನ್ನು ನಾಲ್ಕು ಮಡಿಕೆ ಮಡಿಚತೊಡಗಿದೆ. ಅವಳೇ ತಲೆಯೆತ್ತಿ, "ಆವತ್ತಿಂದು ಬಲೋನಿ, ಪಾದ್ರಿಗಳೇ. ಯಾವತ್ತಿಂದೂ ಬಲೋನಿನೇ," ಎಂದಳು.

ಆಗ ಮಿಸೆಸ್ ಕ್ಲೈನ್ ನಗಲು ಶುರುಮಾಡಿದರು. ಕುರ್ಚಿ ಹಿಡಿದುಕೊಂಡು ನಕ್ಕರು. "ಅಯ್ಯೋ ಹುಚ್ಚು ಹುಡುಗಿ! ಹ್ಯಾಮ್ ಸಲಾಡಿಗೆ ಯಾರಾದ್ರೂ ಹ್ಯಾಮ್ ಹಾಕ್ತಾರೇನೆ? ಈ ಮೂರನೇ ತಟ್ಟೆ ನನ್ನದು. ಐವತ್ತು ವರ್ಷ ನಾನು ಹ್ಯಾಮ್ ಅಂತ ಬಡಿಸಿದ್ದೂ ಇದನ್ನೇ. ಯಾರಿಗೂ ಹೇಳಬೇಡ ಅಂತ ನಮ್ಮತ್ತೆ ಆಣೆ ಹಾಕಿಸಿದ್ದರು. ಇದನ್ನ ಹೊತ್ತುಕೊಂಡು ಮೇಲೆ ಹೋಗೋದು ಬೇಡ ಅಂತಲೇ ಈ ಬಲೋನಿ ದಿನ ಕೇಳಿದ್ದು!"

"ನಮ್ಮನೇಲೂ ಬಲೋನಿನೇ," ಎಂದಿತು ಹಿಂದಿನ ಸಾಲಿನಿಂದೊಂದು ದನಿ. ಒಂದು ಕೈ ಮೇಲೆದ್ದಿತು, ಮತ್ತೊಂದು. ಪಾಪ ಮಾಡಿದವಳು ತಾನೊಬ್ಬಳೇ ಎಂದು ಪ್ರತಿಯೊಬ್ಬಳೂ ನಂಬಿಕೊಂಡಿದ್ದಳು. ತಮ್ಮ ಇಡೀ ಸೇವಾವಧಿಯಲ್ಲಿ ಒಟ್ಟಿಗೆ ಇಷ್ಟೊಂದು ತಪ್ಪೊಪ್ಪಿಗೆ ಕೇಳಿರಲಿಲ್ಲವೆಂದು ಹೇಳಿ ಪಾದ್ರಿಯವರು ಒಂದು ಬನ್ನಿಗೆ ಕೈಹಾಕಿದರು, ಬಲೋನಿಯದಕ್ಕೆ. ಡೋರೀನ್ ಮಿಸೆಸ್ ಕ್ಲೈನರ ಹೆಗಲ ಮೇಲೆ ತಲೆಯಿಟ್ಟು ಅಳುತ್ತ ನಗುತ್ತಿದ್ದಳು. ನನ್ನ ಎದೆಯ ಮೇಲಿನ ಬಂಡೆಯೂ ಇಳಿಯಿತು. ಆ ಖುಷಿಯಲ್ಲಿ ನನ್ನ ತೀರ್ಪು ಎಲ್ಲರಿಗೂ ಮರೆತುಹೋಗಿರಬಹುದು ಎಂದುಕೊಂಡೆ.

ಮಿಸೆಸ್ ಕ್ಲೈನರಿಗೆ ಮರೆತಿರಲಿಲ್ಲ. ಮತ್ತೆ ಬಟ್ಟೆ ಬಿಗಿದು, ಕ್ಯಾಂಡಿ ಕಾರ್ನಿನ ಮೂರು ತುಂಡು ಒಂದೊಂದಾಗಿ ಬಾಯಿಗಿಟ್ಟು ಬಣ್ಣ ಕೇಳಿದರು. ಬಿಳಿ, ಕಿತ್ತಳೆ, ಹಳದಿ ಎಂದು ಗಂಭೀರವಾಗಿ ಹೇಳಿದೆ. ಮೂರೂ ಹಳದಿಯಂತೆ.

ಮೂರು ಬಲೋನಿ ತಟ್ಟೆಗಳೂ ನೆಕ್ಕಿದಂತೆ ಖಾಲಿಯಾದವು. ಹ್ಯಾಮ್ ಮಾತ್ರ ನೀಲಿ ಅಂಚಿನ ತಟ್ಟೆಯಲ್ಲಿ ತುಂಬಿದಂತೆಯೇ ಮನೆಗೆ ಮರಳಿ ಫ್ರಿಜ್ಜು ಸೇರಿತು. ಎರಡು ದಿನ ನಾನು ಅದರತ್ತ ತಿರುಗಿಯೂ ನೋಡಲಿಲ್ಲ. ತೀರ್ಪು ಕೊಟ್ಟ ಮೇಲೆ ಕೊಟ್ಟದ್ದೇ. ಮಂಗಳವಾರ ಸಂಜೆ ತಡೆಯಲಾರದೆ, "ಡೋರೀನ್, ಆ ನಿನ್ನ ಬಲೋನಿದು... ಸ್ವಲ್ಪ ಮಾಡ್ತೀಯಾ?" ಎಂದೆ.

ಅವಳು ಫ್ರಿಜ್ಜಿನ ಬಾಗಿಲು ತೆರೆದು, ಬನ್ನಿನಲ್ಲಿಟ್ಟು ಕೊಟ್ಟಳು.

"ಆಹಾ, ಬಲೋನಿ ಅಂದ್ರೆ ಇದು!" ಎಂದೆ. "ಇನ್ನೆರಡು ಕೊಡು."

ಎರಡು ಕೊಟ್ಟಳು. ಆಮೇಲೆ ಕೇಳದೆಯೇ ಇನ್ನೊಂದು ಕೊಟ್ಟಳು. ನಾನು ಬೆರಳು ನೆಕ್ಕುತ್ತಿದ್ದಾಗ, ಡೋರೀನ್ ನೆಮ್ಮದಿಯ ನಿಟ್ಟುಸಿರು ಬಿಟ್ಟು, ಖಾಲಿಯಾದ ನೀಲಿ ಅಂಚಿನ ತಟ್ಟೆಯನ್ನು ತೊಳೆಯಲು ಹಾಕಿದಳು.