ಬನ್ನಣ್ಣನ ನಿದ್ದೆ

ಬನ್ನಣ್ಣನಿಗೆ ನಿದ್ದೆ ಇರಲಿಲ್ಲ. ಬರುತ್ತಿರಲಿಲ್ಲ ಎಂದಲ್ಲ, ಬಂದ ನಿದ್ದೆಗೆ ಮನೆಯಲ್ಲಿ ಜಾಗವಿರಲಿಲ್ಲ. ರಾತ್ರಿಯಿಡೀ ಬೇಕರಿಯ ಒಲೆ ಮುಂದೆ ಬೆಂದು, ಬೆಳಿಗ್ಗೆ ಬಂದು ಹಾಸಿಗೆಗೆ ಬೆನ್ನು ಕೊಡುವುದಕ್ಕೂ ಕೆಳಗಿನ ಹಾಲ್‌ನಲ್ಲಿ ಆನಂದಗಾನ ಬಳಗ ಬಾಯಿ ತೆಗೆಯುವುದಕ್ಕೂ ಸರಿಹೋಗುತ್ತಿತ್ತು. ಬಳಗ ನಡೆಸುವವರು ನಿವೃತ್ತ ಡ್ರಿಲ್ ಮೇಡಂ. ಮೈಕಿಲ್ಲದೆ ಇಡೀ ಮೈದಾನವನ್ನು ಎಡಕ್ಕೆ ಬಲಕ್ಕೆ ತಿರುಗಿಸಿದ ಗಂಟಲು ಅದು. ‘ಹರುಷವೇ ಬಾ, ನೋವೇ ಹೋಗು’ ಎಂದು ಅವರು ಎತ್ತಿಕೊಟ್ಟರೆ ನೋವು ಹೋಗುತ್ತಿತ್ತೋ ಇಲ್ಲವೋ, ಮೇಲಿನ ಮನೆಯ ಲೋಟಗಳು ಮಾತ್ರ ಇದ್ದಲ್ಲಿಂದ ಹೊರಡುತ್ತಿದ್ದವು.

ಹಿಂದಿನ ರಾತ್ರಿ ಬನ್ನಣ್ಣ ನಿಂತಲ್ಲೇ ತೂಕಡಿಸಿ ಒಂದು ತಟ್ಟೆ ಬನ್ನು ಇದ್ದಿಲಾಗಿತ್ತು. ಮಾಲೀಕರು ಬೈಯಲಿಲ್ಲ. ಒಂದು ಬನ್ನನ್ನು ಗೋಡೆಗೆ ಬಡಿದು, ಗೋಡೆಯೇ ಉದುರಿದ್ದನ್ನು ತೋರಿಸಿ, “ಇನ್ನೊಂದು ತಟ್ಟೆ ಸುಟ್ರೆ ನೀನು ಬರೋದು ಬೇಡ” ಎಂದಿದ್ದರು.

ಹಾಗಾಗಿ ಇವತ್ತು ಮಲಗಲೇಬೇಕಿತ್ತು. ಹಾಡಿನ ಮೊದಲ ಸಾಲಿಗೇ ಎದ್ದು ಬನಿಯನ್‌ನಲ್ಲೇ ಕೆಳಗಿಳಿದ. ಮಂಡಿನೋವಿನ ದರ್ಜಿ, ಕತ್ತುನೋವಿನ ಟೈಪಿಸ್ಟ್, ಹಲ್ಲುನೋವಿನ ಹಲ್ಲಿನ ಡಾಕ್ಟರು, ಇನ್ನೂ ಹತ್ತಾರು ನೋವಿನವರು ಕೈ ಕೈ ಹಿಡಿದು ಸುತ್ತ ಕೂತಿದ್ದರು.

“ಮೇಡಂ, ನನಗೆ ನಿದ್ದೆ...”

“ಬರ್ತಿಲ್ಲ. ಮುಖ ನೋಡಿದ್ರೇ ಗೊತ್ತಾಗುತ್ತೆ. ಕೂತ್ಕೊಳ್ಳಿ.”

ಅವನು ವಿವರಿಸಲು ಹೋದ. ಮೇಡಂ ಅವನ ಹೆಗಲು ಒತ್ತಿ ಸುತ್ತಿನ ನಡುವೆ ಕೂರಿಸಿದರು. ಎಲ್ಲರೂ ಅವನತ್ತ ಬಾಯಿ ತಿರುಗಿಸಿ ಹಾಡಿದರು. ರಾತ್ರಿಯೆಲ್ಲ ನಿಂತಿದ್ದ ಮೈ; ಕೂತದ್ದೇ ನೆಪವಾಯಿತು. ಎರಡನೇ ಸಲ ಹರುಷವನ್ನು ಕರೆಯುವಷ್ಟರಲ್ಲಿ ಗೊರಕೆ ಬಂತು.

ಬಳಗಕ್ಕೆ ಸಂತೋಷದಲ್ಲಿ ದಿಕ್ಕು ತೋಚಲಿಲ್ಲ. ಇಷ್ಟು ದಿನ ಹಾಡಿದರೂ ಯಾರ ಯಾವ ನೋವೂ ಗುಣವಾಗಿರಲಿಲ್ಲ. ದರ್ಜಿಯ ಮಂಡಿನೋವು ಬಲದಿಂದ ಎಡಕ್ಕೆ ಬದಲಾಗಿದ್ದೇ ಈವರೆಗಿನ ದೊಡ್ಡ ಸಾಧನೆ. ಈಗ ಕಣ್ಣೆದುರಿಗೇ ಒಬ್ಬ ಗುಣವಾಗಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ದರ್ಜಿಯಂತೂ ಅವನನ್ನು ಅಲುಗಾಡಿಸಿ ಎಬ್ಬಿಸಿ, ನಿನಗೆ ನಿದ್ದೆ ಬಂತು ಎಂಬ ಶುಭಸುದ್ದಿ ತಿಳಿಸಿದ.

ಬನ್ನಣ್ಣ ಮೇಲೆ ಹೋಗಿ ಚಿಲಕ ಹಾಕಿಕೊಂಡ. ಕಣ್ಣು ಹತ್ತುವಷ್ಟರಲ್ಲಿ ಬಾಗಿಲು ಬಡಿದರು. ದರ್ಜಿ ತನ್ನ ಅತ್ತೆಯನ್ನು ಕರೆತಂದಿದ್ದ. ಗುಣವಾದವನನ್ನು ಆಕೆ ಒಮ್ಮೆ ನೋಡಬೇಕಂತೆ. ಆಕೆಯ ಹಿಂದೆ ಟೈಪಿಸ್ಟಿನ ಇಡೀ ಆಫೀಸು. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಹಾಲ್‌ನಲ್ಲಿ ಕಾಲಿಡಲು ಜಾಗವಿಲ್ಲ. ಮೇಡಂ ಅವನನ್ನು ರಟ್ಟೆ ಹಿಡಿದು ಇಳಿಸಿ, ಇನ್ನೊಮ್ಮೆ ನಿದ್ದೆ ಮಾಡಿ ತೋರಿಸಬೇಕು ಎಂದರು. ಬಳಗ ಮತ್ತೆ ಜೋರಾಗಿ ಹಾಡು ಎತ್ತಿತು.

ಅಷ್ಟು ಕಣ್ಣುಗಳ ಮುಂದೆ ಯಾರಿಗೆ ನಿದ್ದೆ ಬಂದೀತು? ಅವನು ಕಣ್ಣು ಮುಚ್ಚಿ ಒಂದು ಸುಳ್ಳು ಗೊರಕೆ ಬಿಟ್ಟ. ಹಲ್ಲಿನ ಡಾಕ್ಟರು ರೆಪ್ಪೆ ಎತ್ತಿ ಇಣುಕಿದರು. ಒಳಗಿನ ಕಣ್ಣು ಅವರನ್ನೇ ನೋಡುತ್ತಿತ್ತು.

“ಇದು ನಾಟಕ” ಎಂದರು ಡಾಕ್ಟರು.

ಜನ ಗುಸುಗುಸು ಶುರುಮಾಡಿದರು. ಮೇಡಂ ಮುಖ ಸಣ್ಣಗಾಯಿತು. ಬನ್ನಣ್ಣನಿಗೆ ಆಗ ಒಂದು ಉಪಾಯ ಹೊಳೆಯಿತು.

“ನಾಟಕ ಅಲ್ಲ ಸಾರ್. ಹಾಡು ಜೋರಾಯ್ತು. ಮೆತ್ತಗೆ ಹಾಡಿದ್ರೆ ಮಾತ್ರ ಕೆಲಸ ಮಾಡುತ್ತೆ.”

“ಮೆತ್ತಗೆ ಅಂದ್ರೆ?” ಮೇಡಂಗೆ ಆ ಪದದ ಪರಿಚಯವಿರಲಿಲ್ಲ. “ನೀವೇ ಹೇಳಿಕೊಡಿ.”

ಇವರು ಮೆತ್ತಗೆ ಹಾಡುವುದನ್ನು ಕಲಿತರೆ ಇವತ್ತೇನು, ದಿನಾ ಮಲಗಬಹುದು. ಅವನು ಹುರುಪಿನಿಂದ ಶುರುಮಾಡಿದ. ಹಿಟ್ಟು ನಾದುವ ಲಯ ಬಿಟ್ಟರೆ ಬೇರೆ ಲಯ ಅವನಿಗೆ ಗೊತ್ತಿರಲಿಲ್ಲ. ಒತ್ತಿ, ಮಡಚಿ, ಒತ್ತಿ, ಮಡಚಿ, ಹರುಷವನ್ನು ಕರೆದ. ಜನ ಹಿಂದೆಯೇ ಗುನುಗಿದರು. ಮೊದಲು ಅತ್ತೆ ವಾಲಿದರು. ದರ್ಜಿ ಡಾಕ್ಟರ ಹೆಗಲಿಗೆ ಒರಗಿದ, ಡಾಕ್ಟರು ಟೈಪಿಸ್ಟಿನ ಕತ್ತಿಗೆ. ಕೊನೆಗೆ ಮೇಡಂ ಅಟೆನ್ಷನ್‌ನಲ್ಲಿ ನಿಂತೇ ನಿದ್ದೆ ಹೋದರು.

ಬನ್ನಣ್ಣ ಹಾಡು ನಿಲ್ಲಿಸಿ ಬೆಕ್ಕಿನ ಹಾಗೆ ಬಾಗಿಲ ಕಡೆ ಹೆಜ್ಜೆಯಿಟ್ಟ. ಹಾಲ್ ತುಂಬ ಕಣ್ಣುಗಳು ತೆರೆದವು.

“ನಿಲ್ಲಿಸ್ಬೇಡಪ್ಪ” ಎಂದಿತು ಬಾಗಿಲ ಬಳಿಯ ಒಂದು ದನಿ.

ನೋಡಿದರೆ ಬೇಕರಿ ಮಾಲೀಕರು. ಒಲೆ ಮುಂದೆ ಇವನು ಮಲಗಿಬಿಟ್ಟಾನೆಂಬ ಚಿಂತೆಯಲ್ಲಿ ಅವರಿಗೆ ನಿದ್ದೆ ಹಾರಿಹೋಗಿತ್ತಂತೆ. ಯಾರೋ ಗುಣಪಡಿಸುತ್ತಾರೆಂದು ಕೇಳಿ ಬಂದಿದ್ದರು. ಬನ್ನಣ್ಣ ವಾಪಸ್ ಬಂದು ಕೂತು, ದೀಪ ಹಚ್ಚುವವರೆಗೂ ಹಾಡಿನ ಹಿಟ್ಟು ನಾದಿದ.

ಎಲ್ಲರೂ ಮೈಮುರಿದು ಎದ್ದರು. ನಾಳೆಯಿಂದ ಬಳಗಕ್ಕೆ ಬನ್ನಣ್ಣನೇ ಗುರು ಎಂದು ಒಂದೇ ಮಾತಿನಲ್ಲಿ ತೀರ್ಮಾನವಾಯಿತು. ಮಾಲೀಕರು ಕಣ್ಣೊರೆಸಿಕೊಳ್ಳುತ್ತ ಅವನ ಬೆನ್ನು ತಟ್ಟಿದರು.

“ಎಂಥಾ ನಿದ್ದೆ ಕೊಟ್ಟೆಯೋ. ನೀನು ದೊಡ್ಡ ಮನುಷ್ಯ. ಸರಿ, ಹೊತ್ತಾಯ್ತು, ಹೋಗಿ ಒಲೆ ಹಚ್ಚು.”

ಆ ರಾತ್ರಿ ಸುಟ್ಟುಹೋದದ್ದು ಆರು ತಟ್ಟೆ ಬನ್ನು, ನಾಲ್ಕು ತಟ್ಟೆ ಬ್ರೆಡ್ಡು, ಒಂದು ಕೆಲಸ.